ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು: ಆರೈಕೆಯ ಏಳು ಹೆಜ್ಜೆಗಳು

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಗು ಅವಧಿಪೂರ್ವ ಶಿಶು. ಜಗತ್ತಿನಲ್ಲಿ ಇಂಥ ಹೆರಿಗೆಗಳು ಅತಿ ಹೆಚ್ಚು ಆಗುತ್ತಿರುವುದು ನಮ್ಮ ದೇಶದಲ್ಲಿ. 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಒಂದೂವರೆ ಕೆ.ಜಿ. ತೂಗುವ ಕೂಸುಗಳನ್ನೂ ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಉಳಿಸಿಕೊಳ್ಳಲಾಗುತ್ತಿದೆ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ದಿನವೇ ಕಷ್ಟ ಮುಗಿಯಿತು ಎಂದುಕೊಳ್ಳುವಂತಿಲ್ಲ. ಮುಂದೆ ಆಗಬೇಕಾದ ಕೆಲವು ತಪಾಸಣೆಗಳಿಗೆ ಗಡುವಿದೆ. ಅದು ಮೀರಿದರೆ ಆಗುವ ನಷ್ಟವನ್ನು ಯಾವ ಚಿಕಿತ್ಸೆಯೂ ಪೂರ್ತಿ ತುಂಬಿಕೊಡಲಾರದು.

1. ನೋವು ಬೇಗ ಕಾಣಿಸಿಕೊಂಡರೆ ಕಾಯಬೇಡಿ

ದಿನ ತುಂಬುವ ಮೊದಲೇ ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾಗುತ್ತಿದ್ದರೆ, ನೀರು ಹೋದರೆ, ರಕ್ತ ಕಾಣಿಸಿದರೆ ಕೂಡಲೇ 108ಕ್ಕೆ ಕರೆ ಮಾಡಿ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಂದರೆ ಎಸ್‌ಎನ್‌ಸಿಯು ಇರುವ ಆಸ್ಪತ್ರೆಗೇ ಹೋಗುವುದು ಒಳ್ಳೆಯದು. ಹುಟ್ಟಿದ ಪುಟ್ಟ ಕೂಸನ್ನು ಸಾಗಿಸುವುದಕ್ಕಿಂತ, ಕೂಸು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಕರೆದೊಯ್ಯುವುದು ಹೆಚ್ಚು ಸುರಕ್ಷಿತ. 24ರಿಂದ 34 ವಾರಗಳ ನಡುವೆ ಹೆರಿಗೆಯಾಗುವ ಸೂಚನೆಯಿದ್ದರೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಇದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಚುಚ್ಚುಮದ್ದು ಆಗಿದೆಯೇ ಎಂದು ಮನೆಯವರು ಕೇಳಿ ತಿಳಿದುಕೊಳ್ಳಲಿ.

2. ಘಟಕದಲ್ಲಿ ಏನು ನಡೆಯುತ್ತಿದೆ, ತಿಳಿದುಕೊಳ್ಳಿ

ಉಸಿರಾಟ: ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಹೋಗದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ದ್ರವ ಇಂಥ ಮಕ್ಕಳಲ್ಲಿ ಸಾಲದು. ಹಾಗಾಗಿ ಸಿಪ್ಯಾಪ್ ಯಂತ್ರದಿಂದ ಒತ್ತಡದ ಗಾಳಿ ಕೊಡುತ್ತಾರೆ, ಅಗತ್ಯವಿದ್ದರೆ ಸರ್ಫ್ಯಾಕ್ಟೆಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ. ಕೆಲವು ಮಕ್ಕಳು ನಡುನಡುವೆ ಉಸಿರಾಡುವುದನ್ನೇ ನಿಲ್ಲಿಸುತ್ತವೆ. ಅದಕ್ಕೆ ಕೆಫೀನ್ ಔಷಧವಿದೆ.

ಮೆದುಳು: ಎಳೆಯ ರಕ್ತನಾಳಗಳು ಒಡೆದು ರಕ್ತಸ್ರಾವವಾಗಬಹುದು. ನೆತ್ತಿಯ ಮೇಲಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಅದು ಕಾಣುತ್ತದೆ.

ಕರುಳು: ಹೊಟ್ಟೆ ಉಬ್ಬರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ ಕರುಳಿನ ಉರಿಯೂತದ ಶಂಕೆ. ಎದೆಹಾಲು ಕುಡಿಯುವ ಮಕ್ಕಳಲ್ಲಿ ಇದು ಕಡಿಮೆ.

ಇವಲ್ಲದೆ ಸೋಂಕು, ಕಾಮಾಲೆ, ರಕ್ತದಲ್ಲಿ ಸಕ್ಕರೆ ಇಳಿಯುವುದು ಸಾಮಾನ್ಯ. ಇಂದಿನ ತೂಕವೆಷ್ಟು, ಎಷ್ಟು ಹಾಲು ಕುಡಿಯುತ್ತಿದೆ, ಆಮ್ಲಜನಕ ಇನ್ನೂ ಬೇಕೇ ಎಂಬ ಮೂರು ಪ್ರಶ್ನೆಗಳನ್ನು ದಿನವೂ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುಗಳಿಗೆ ಚಿಕಿತ್ಸೆ, ಔಷಧ, ಪರೀಕ್ಷೆ, ಸಾರಿಗೆ ಎಲ್ಲವೂ ಉಚಿತ.

3. ಎದೆಹಾಲು ಮೊದಲ ಔಷಧ

ಮಗು ಚೀಪಲಾರದು ಎಂದು ಹಾಲು ತೆಗೆಯುವುದನ್ನು ಮುಂದೂಡಬೇಡಿ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ, ರಾತ್ರಿಯೂ ಸೇರಿದಂತೆ ದಿನಕ್ಕೆ ಕನಿಷ್ಠ 8 ಬಾರಿ ಕೈಯಿಂದ ಹಿಂಡಿ ತೆಗೆಯಿರಿ. ಮೊದಲ ದಿನಗಳ ಹಳದಿ ಹಾಲಿನ ಒಂದು ಹನಿಯೂ ವ್ಯರ್ಥವಾಗದಿರಲಿ. ಚೀಪುವುದು, ನುಂಗುವುದು, ಉಸಿರಾಡುವುದು ಇವು ಮೂರೂ ಹೊಂದಿಕೊಳ್ಳುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ಕುಡಿಸುತ್ತಾರೆ. ಒಳಲೆಯನ್ನು ಪ್ರತಿ ಸಲ ಕುದಿಸಿ ಬಳಸಿ. ಬಾಟಲಿ ಬೇಡವೇ ಬೇಡ. ತೆಗೆದ ಹಾಲು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಕೆಡದೆ ಇರುತ್ತದೆ. ತಾಯಿಯ ಹಾಲು ಸಾಲದಿದ್ದರೆ ದಾನಿಗಳ ಹಾಲು ಸಿಗುತ್ತದೆಯೇ ವಿಚಾರಿಸಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ.

4. ಎದೆಗವಚಿಕೊಳ್ಳಿ

ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಆರಂಭವಾದ, ಮಗುವನ್ನು ಎದೆಗವಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಗೆ ಖರ್ಚೇ ಇಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕೆ.ಜಿ. ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ 25ರಷ್ಟು ಕಡಿಮೆಯಾಯಿತು.

ಮಗುವಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಮಾತ್ರ ಇರಲಿ. ತಾಯಿಯ ಎರಡು ಸ್ತನಗಳ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಮಲಗಿಸಿ, ಮುಖವನ್ನು ಒಂದು ಬದಿಗೆ ತಿರುಗಿಸಿ. ಮೂಗು ಮುಚ್ಚದಿರಲಿ, ಕುತ್ತಿಗೆ ಮುಂದಕ್ಕೆ ಬಾಗದಿರಲಿ. ಮೇಲೆ ಬಟ್ಟೆ ಸುತ್ತಿಕೊಂಡು ಒರಗಿ ಕುಳಿತುಕೊಳ್ಳಿ. ದಿನಕ್ಕೆ 8 ಗಂಟೆಯಾದರೂ ಆಗಬೇಕು, ಹೆಚ್ಚಾದಷ್ಟೂ ಒಳ್ಳೆಯದು. ತಾಯಿ ಮಲಗಿದಾಗ ತಂದೆ, ಅಜ್ಜಿ, ಚಿಕ್ಕಮ್ಮ ಯಾರೇ ಎದೆಗವಚಿಕೊಂಡರೂ ಬಿಸುಪು ಅಷ್ಟೇ ಸಿಗುತ್ತದೆ.

5. ಕಣ್ಣಿನ ಗಡುವು: 30 ದಿನ

34 ವಾರದೊಳಗೆ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಅಕ್ಷಿಪಟಲದ ತಪಾಸಣೆ ಆಗಲೇಬೇಕು. 28 ವಾರದೊಳಗೆ ಹುಟ್ಟಿದ್ದರೆ ಅಥವಾ ತೂಕ 1,200 ಗ್ರಾಂಗಿಂತ ಕಡಿಮೆಯಿದ್ದರೆ ಎರಡರಿಂದ ಮೂರು ವಾರದಲ್ಲೇ ಆಗಬೇಕು. ಪೂರ್ತಿ ಬೆಳೆಯದ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಕಿತ್ತುಹಾಕಬಲ್ಲವು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ಸಕಾಲದಲ್ಲಿ ಲೇಸರ್ ಅಥವಾ ಚುಚ್ಚುಮದ್ದು ಕೊಟ್ಟರೆ ದೃಷ್ಟಿ ಉಳಿಯುತ್ತದೆ, ತಡವಾದರೆ ಕುರುಡು ಶಾಶ್ವತ.

ನಮ್ಮ ಮನೆಗಳಲ್ಲಿ ಬಾಣಂತಿ, ಕೂಸು ತಿಂಗಳೊಪ್ಪತ್ತು ಹೊಸ್ತಿಲು ದಾಟುವುದಿಲ್ಲ. ಈ ಗಡುವು ಬೀಳುವುದೂ ಸರಿಯಾಗಿ ಅದೇ ದಿನಗಳಲ್ಲಿ. ಹಿರಿಯರಲ್ಲಿ ಒಂದು ವಿನಂತಿ: ಬಾಣಂತನದ ಕಟ್ಟುಪಾಡು ಏನೇ ಇರಲಿ, ಆ ದಿನ ಮಗುವನ್ನು ನೀವೇ ಮುಂದೆ ನಿಂತು ಕರೆದೊಯ್ಯಿರಿ. ತಪಾಸಣೆಗೆ ದೂರದ ಊರಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಾರೆ. ಬಿಡುಗಡೆ ಚೀಟಿಯಲ್ಲಿ ತಪಾಸಣೆಯ ದಿನಾಂಕ, ಸ್ಥಳ ಬರೆಸಿಕೊಂಡೇ ಹೊರಡಿ. ಒಮ್ಮೆ ‘ಸರಿಯಿದೆ’ ಎಂದರೂ ವೈದ್ಯರು ಸಾಕೆನ್ನುವವರೆಗೆ ಮತ್ತೆ ಮತ್ತೆ ತೋರಿಸಿ.

6. ಮನೆಯ ಕೋಣೆ ಹೀಗಿರಲಿ

ಅಂಗಾಲು, ಹೊಟ್ಟೆ ಎರಡೂ ಬೆಚ್ಚಗಿದ್ದರೆ ಮಗು ಹಿತವಾಗಿದೆ. ಅಂಗಾಲು ತಣ್ಣಗಿದ್ದರೆ ಆಗಲೇ ಎದೆಗವಚಿಕೊಳ್ಳಿ. ತೂಕ 2 ಕೆ.ಜಿ. ತಲುಪುವವರೆಗೆ ಎಣ್ಣೆ-ನೀರಿನ ಸ್ನಾನ ಬೇಡ, ಬೆಚ್ಚನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ, ಮಂಚದಡಿಯ ಕೆಂಡ ಎಳೆಯ ಶ್ವಾಸಕೋಶಕ್ಕೆ ಅಪಾಯಕಾರಿ. ಜೇನುತುಪ್ಪ, ಬಜೆ, ಗುಟ್ಟಿ ನೆಕ್ಕಿಸಬೇಡಿ. ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಮಗುವನ್ನು ಮುಟ್ಟುವ ಮುನ್ನ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯಲಿ, ನೆಗಡಿಯಾದವರು ದೂರವಿರಲಿ. ವೈದ್ಯರು ಬರೆದ ಕಬ್ಬಿಣಾಂಶ, ವಿಟಮಿನ್ ಡಿ ಹನಿಗಳನ್ನು ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ತೂಕ ನೋಡಿಸಿ.

7. ಕಿವಿ, ಲಸಿಕೆ, ಬೆಳವಣಿಗೆ

ಶ್ರವಣ ಪರೀಕ್ಷೆ ಮೊದಲ ತಿಂಗಳಲ್ಲೇ ಆಗಲಿ. ಇಂಥ ಮಕ್ಕಳಿಗೆ, ಶಬ್ದಕ್ಕೆ ಮೆದುಳಿನ ಪ್ರತಿಕ್ರಿಯೆಯನ್ನು ಅಳೆಯುವ ಬೆರಾ ಪರೀಕ್ಷೆಯೇ ಸೂಕ್ತ. ಲಸಿಕೆಯನ್ನು ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ. ಮಗು ಚಿಕ್ಕದೆಂದು 6, 10, 14ನೇ ವಾರದ ಲಸಿಕೆಗಳನ್ನು ಮುಂದೂಡಬೇಡಿ.

ಬೆಳವಣಿಗೆಯ ಲೆಕ್ಕ ಮಾತ್ರ ಬೇರೆ. 30 ವಾರಕ್ಕೆ ಹುಟ್ಟಿದ ಮಗು 10 ವಾರ ಮೊದಲೇ ಬಂದಿದೆ. ಆರು ತಿಂಗಳಾದಾಗ ಅದು ಮೂರೂವರೆ ತಿಂಗಳ ಮಗುವಿನಂತೆ ಆಡಿದರೆ ಸಾಕು. ಎರಡು ವರ್ಷದವರೆಗೆ ಈ ಲೆಕ್ಕ ಹಿಡಿಯಿರಿ, ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. ಈ ಲೆಕ್ಕಕ್ಕೂ ಹಿಂದುಳಿದರೆ, ಕೈಕಾಲು ಬಿಗಿಯಾಗಿ ಕಂಡರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕರೆದೊಯ್ಯಿರಿ. ವ್ಯಾಯಾಮ, ತರಬೇತಿ ಬೇಗ ಆರಂಭವಾದಷ್ಟೂ ಫಲ ಹೆಚ್ಚು.

ತಡಮಾಡದೆ ಆಸ್ಪತ್ರೆಗೆ ಹೋಗಿ

• ಹಾಲು ಕುಡಿಯುವುದನ್ನು ಬಿಟ್ಟರೆ, ಅಳು ಕ್ಷೀಣಿಸಿದರೆ
• ಎಬ್ಬಿಸಿದರೂ ಮಂಕಾಗಿದ್ದರೆ, ಸೆಳವು ಬಂದರೆ
• ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ
• ಉಸಿರು ನಿಂತು ನಿಂತು ಬರುತ್ತಿದ್ದರೆ, ತುಟಿ ನೀಲಿಯಾದರೆ
• ಮೈ ಸುಡುತ್ತಿದ್ದರೆ, ಇಲ್ಲವೇ ಎದೆಗವಚಿಕೊಂಡರೂ ತಣ್ಣಗೇ ಇದ್ದರೆ
• ಅಂಗೈ, ಅಂಗಾಲು ಹಳದಿಯಾದರೆ
• ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ

108ರ ವಾಹನದಲ್ಲೂ ಕೂಸು ಯಾರಾದರೊಬ್ಬರ ಎದೆಯ ಬಿಸುಪಿನಲ್ಲೇ ಇರಲಿ. ಬಿಡುಗಡೆ ಚೀಟಿ, ತಾಯಿ ಕಾರ್ಡ್ ಜೊತೆಗೆ ಒಯ್ಯಲು ಮರೆಯಬೇಡಿ.