ಕೆನಡಾದಲ್ಲಿ ಪರಿಸರ ಎಂಜಿನಿಯರಿಂಗ್: ಹೊರಡುವ ಮುನ್ನ

ಪಿಯುಸಿ ಮುಗಿಸಿ ಹೊರದೇಶದಲ್ಲಿ ಪರಿಸರ ಎಂಜಿನಿಯರಿಂಗ್ ಓದಬೇಕೆನ್ನುವ ಮಕ್ಕಳು ಸಾಮಾನ್ಯವಾಗಿ ಕಾಡು, ಕೆರೆಗಳ ಮೇಲಿನ ಪ್ರೀತಿಯಿಂದ ಬರುತ್ತಾರೆ. ಆ ಪ್ರೀತಿ ಉಳಿಯಲಿ. ಆದರೆ ಮೊದಲ ಎರಡು ವರ್ಷ ತರಗತಿಯಲ್ಲಿ ಎದುರಾಗುವುದು ಹೆಚ್ಚಾಗಿ ಕ್ಯಾಲ್ಕುಲಸ್, ರಸಾಯನಶಾಸ್ತ್ರ, ದ್ರವಗಳ ಚಲನೆ, ಸಂಖ್ಯಾಶಾಸ್ತ್ರ, ಒಂದಿಷ್ಟು ಕೋಡಿಂಗ್. ಗಣಿತ ಬೇಡವೆಂದು ಈ ವಿಷಯ ಆರಿಸಿಕೊಂಡವರು ಅಲ್ಲಿ ತುಂಬ ಕಷ್ಟಪಡುತ್ತಾರೆ.

ಇಷ್ಟು ಲೆಕ್ಕ ಯಾಕೆ ಬೇಕು? ಒಂಟಾರಿಯೊ ಪ್ರಾಂತ್ಯದ ವಾಕರ್‌ಟನ್ ಎಂಬ ಪುಟ್ಟ ಊರಿನ ಕಥೆ ನೋಡಿ. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು, ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಲ್ಲಿನ ಇ-ಕೋಲಿ ಬ್ಯಾಕ್ಟೀರಿಯಾ ಊರಿಗೆ ನೀರು ಕೊಡುವ ಆಳವಿಲ್ಲದ ಬಾವಿಗೆ ಇಳಿಯಿತು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಕ್ಲೋರಿನ್ ಹಾಕುವ ವ್ಯವಸ್ಥೆ ಇತ್ತು, ಸಾಕಷ್ಟು ಹಾಕುತ್ತಿರಲಿಲ್ಲ. ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಎಂದು ಸರಿಯಾಗಿ ಅಳೆಯದೆ ದಾಖಲೆಯಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು.

ಇದರ ಹಿಂದಿನ ವಿಜ್ಞಾನ ಸರಳ. ನೀರಿಗೆ ಬಿದ್ದ ಕ್ಲೋರಿನ್‌ನಲ್ಲಿ ಒಂದು ಪಾಲನ್ನು ಅಲ್ಲಿರುವ ಕೊಳೆಯೇ ತಿಂದುಹಾಕುತ್ತದೆ. ಉಳಿದದ್ದು ಮಾತ್ರ ರೋಗಾಣುವನ್ನು ಕೊಲ್ಲಬಲ್ಲದು, ಅದಕ್ಕೂ ಸಮಯ ಬೇಕು. ಆದ್ದರಿಂದ ಎಂಜಿನಿಯರ್ ಉಳಿಕೆ ಕ್ಲೋರಿನ್ನನ್ನು ನೀರು ಅದರ ಜೊತೆ ಕಳೆಯುವ ನಿಮಿಷಗಳಿಂದ ಗುಣಿಸಿ ನೋಡುತ್ತಾರೆ. ಮಳೆಗೆ ಕೊಳೆ ಹೆಚ್ಚಾದ ದಿನ ನಿನ್ನೆಯ ಪ್ರಮಾಣ ಇಂದು ಸಾಲುವುದಿಲ್ಲ. ಈ ಗುಣಾಕಾರ ನಿಮಗೆ ಕುತೂಹಲ ಹುಟ್ಟಿಸಿದರೆ ಈ ಓದು ನಿಮ್ಮದೇ. ವಾಕರ್‌ಟನ್ ದುರಂತದ ವಿಚಾರಣೆ ನಡೆದು, 2002ರಲ್ಲಿ ಒಂಟಾರಿಯೊ ಕುಡಿಯುವ ನೀರಿನ ಸುರಕ್ಷತೆಗೆಂದೇ ಕಾಯ್ದೆ ತಂದಿತು.

ಅದೇ ಪ್ರಾಂತ್ಯದ ವಾಟರ್‌ಲೂ ವಿಶ್ವವಿದ್ಯಾಲಯ ಪರಿಸರ ಎಂಜಿನಿಯರಿಂಗನ್ನು ಪದವಿ ಮಟ್ಟದಲ್ಲೇ ಕಲಿಸುತ್ತದೆ. ಅಲ್ಲಿನದು ಕೋ-ಆಪ್ ಪದ್ಧತಿ: ಕೆಲವು ತಿಂಗಳು ಓದು, ಕೆಲವು ತಿಂಗಳು ಸಂಬಳದ ಕೆಲಸ, ಹೀಗೆ ಸರದಿ. ಪದವಿಗೆ ನಾಲ್ಕು ವರ್ಷ ಎಂಟು ತಿಂಗಳಷ್ಟು ಹಿಡಿಯುತ್ತದೆ. ಕೆಲಸವನ್ನು ಯಾರೂ ಕೈಗೆ ತಂದುಕೊಡುವುದಿಲ್ಲ. ನೀವೇ ಅರ್ಜಿ ಹಾಕಿ, ಸಂದರ್ಶನ ಎದುರಿಸಬೇಕು. ಮೊದಲ ಕೆಲಸಕ್ಕೂ ಪರಿಸರಕ್ಕೂ ಸಂಬಂಧವೇ ಇಲ್ಲದಿರಬಹುದು. ಆ ಸಂಬಳದಿಂದಲೇ ಶುಲ್ಕ ಕಟ್ಟಿಬಿಡಬಹುದೆಂದು ಮನೆಯವರು ನಂಬಿದ್ದರೆ ಈಗಲೇ ಕೂತು ಮಾತಾಡಿ. ವಿದೇಶಿ ವಿದ್ಯಾರ್ಥಿಗಳ ಶುಲ್ಕ ಅಲ್ಲಿಯವರ ಶುಲ್ಕದ ಹಲವು ಪಟ್ಟು.

ಯಾವ ಕಾಲೇಜಾದರೂ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಆ ಪದವಿಗೆ ಕೆನಡಾದ ಎಂಜಿನಿಯರಿಂಗ್ ಮಾನ್ಯತಾ ಮಂಡಳಿಯ ಮಾನ್ಯತೆ ಇದೆಯೇ? ಅಲ್ಲಿ ಪದವಿ ಪಡೆದ ಮಾತ್ರಕ್ಕೆ ಪೂರ್ಣ ಎಂಜಿನಿಯರ್ ಆಗುವುದಿಲ್ಲ. ಒಂಟಾರಿಯೊದಲ್ಲಾದರೆ 48 ತಿಂಗಳ ಕೆಲಸದ ಅನುಭವ, ವೃತ್ತಿನೀತಿಯ ಪರೀಕ್ಷೆ ಎಲ್ಲ ಆದ ಮೇಲೆ ಪರವಾನಗಿ. ಮಾನ್ಯತೆ ಇಲ್ಲದ ಪದವಿಯಿಂದ ಈ ದಾರಿ ಇನ್ನೂ ಉದ್ದವಾಗುತ್ತದೆ.

ಓದಿ ಮರಳುವವರಿಗೆ ಇನ್ನೊಂದು ಮಾತು. ಕೊಳಚೆ ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾಗಳು ಚಳಿಯಲ್ಲಿ ನಿಧಾನವಾಗುತ್ತವೆ. ಕೆನಡಾದ ಘಟಕಗಳನ್ನು ಆ ಚಳಿಗಾಲವನ್ನು ಲೆಕ್ಕಕ್ಕಿಟ್ಟೇ ಕಟ್ಟುತ್ತಾರೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವಿಲ್ಲದೆ ಕೆಲಸ ಮಾಡುವ ವಿಧಾನಗಳೂ ಚೆನ್ನಾಗಿ ನಡೆಯುತ್ತವೆ. ಆದ್ದರಿಂದ ಅಲ್ಲಿನ ನಕ್ಷೆಯನ್ನು ಹಾಗೇ ತಂದು ಬೆಂಗಳೂರಿನಲ್ಲಿ ನಿಲ್ಲಿಸಲಾಗದು. ಕಲಿಯಬೇಕಾದ್ದು ಆ ನಕ್ಷೆಯ ಹಿಂದಿರುವ ಕಾರಣವನ್ನು.

ವೀಸಾ, ಕೆಲಸದ ಪರವಾನಗಿಯ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತವೆ. ಅವನ್ನು ಏಜೆಂಟರ ಬಾಯಿಂದ ಕೇಳಬೇಡಿ, ಕೆನಡಾ ಸರ್ಕಾರದ ಜಾಲತಾಣದಲ್ಲೇ ಓದಿ. ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯದ ಪಠ್ಯಪಟ್ಟಿ ತೆರೆದು, ಎರಡನೇ ವರ್ಷದ ವಿಷಯಗಳನ್ನು ನಿಮ್ಮ ಲೆಕ್ಚರರ್ ಜೊತೆ ಕೂತು ಒಂದೊಂದಾಗಿ ನೋಡಿ.