ಸ್ಕೋರರ್ ಪಕ್ಕ ಕೂತು ಆಟ ನೋಡುವುದು

2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ರಗ್ಬಿ ಪಂದ್ಯ ಮುಗಿದ ಮೇಲೆ ಯಾರು ಎಷ್ಟು ಟ್ಯಾಕಲ್ ಮಾಡಿದರು ಎಂಬ ಪಟ್ಟಿ ಸಿಗುತ್ತದೆ. ಅದು ಹೇಗೆ ತಯಾರಾಯಿತೆಂದು ತಿಳಿಯಬೇಕಾದ ಸಂಶೋಧಕ ಆಟಗಾರರನ್ನಷ್ಟೇ ಅಲ್ಲ, ಬರೆದುಕೊಳ್ಳುವವರನ್ನೂ ನೋಡಬೇಕು.

ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನೆಲಕ್ಕೆ ಕೆಡವಿದರೆ ಅದು ಟ್ಯಾಕಲ್. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಬಂದು ಕೆಡವಿದ ಅನ್ನಿ. ಲೆಕ್ಕ ಯಾರ ಹೆಸರಿಗೆ? ಇಬ್ಬರಿಗೂ ಒಂದೊಂದೇ, ಅಥವಾ ಎರಡನೆಯವನದು ಬರೀ ನೆರವೇ? ಇದನ್ನು ಪಂದ್ಯಕ್ಕೆ ಮೊದಲೇ ತೀರ್ಮಾನಿಸಿ ಬರೆದಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಒಂದೇ ಪಂದ್ಯಕ್ಕೆ ಎರಡು ಪಟ್ಟಿ ಹುಟ್ಟುತ್ತವೆ. ಆಟಗಾರರ ಬೆನ್ನಿಗೆ ಕಟ್ಟುವ ಜಿಪಿಎಸ್ ಓಟದ ವೇಗ, ದೂರ ಹೇಳಬಲ್ಲದು. ಈ ಪ್ರಶ್ನೆಗೆ ಉತ್ತರ ಅದರ ಬಳಿ ಇಲ್ಲ.

ಶರಣಸಿರಸಗಿಯಂಥ ಊರಿನ ವಿದ್ಯಾರ್ಥಿಗೆ ರಗ್ಬಿ ದೂರದ ಆಟ. ಕಬಡ್ಡಿ ಹಾಗಲ್ಲ, ಲೆಕ್ಕ ಬರೆಯುವವರನ್ನು ನೋಡಿ ಕಲಿಯುವುದಕ್ಕೆ ಅದೇ ಮೇಲು. ನಿಯಮದಂತೆ ನಡೆಯುವ ಪಂದ್ಯದಲ್ಲಿ ರೆಫರಿ, ಇಬ್ಬರು ಅಂಪೈರ್‌ಗಳ ಜತೆ ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್‌ಗಳು ಇರುತ್ತಾರೆ. ರೈಡ್‌ಗೆ 30 ಸೆಕೆಂಡ್. ಅಂಪೈರ್ ಕೈ ಎತ್ತಿದ ಮೇಲೆಯೇ ಸ್ಕೋರರ್ ಪೆನ್ನು ಓಡಬೇಕು. ಆದರೆ ಸಹಾಯಕರ ಹಾಳೆಯೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಔಟಾದವರು ಔಟಾದ ಸರದಿಯಲ್ಲೇ ಒಳಗೆ ಬರಬೇಕು. ಆ ಸರದಿ ಇರುವುದು ಅವರ ಹಾಳೆಯಲ್ಲಿ. ಅಲ್ಲಿ ಒಂದು ನಂಬರ್ ಹಿಂದುಮುಂದಾದರೆ ಅಂಕಣಕ್ಕೆ ಬೇರೆ ಆಟಗಾರನೇ ಇಳಿಯುತ್ತಾನೆ. ಇಲ್ಲಿ ಬರವಣಿಗೆ ಆಟವನ್ನು ದಾಖಲಿಸುವುದಷ್ಟೇ ಅಲ್ಲ, ನಡೆಸುತ್ತದೆ.

ಹೊಸಬರು ಮೊದಲ ದಿನವೇ ಎಲ್ಲವನ್ನೂ ಬರೆಯಲು ಹೋಗುತ್ತಾರೆ. ಬೇಡ. ಒಂದೇ ಸಂಗತಿ ಆರಿಸಿಕೊಳ್ಳಿ: ರೈಡರ್ ಬೋನಸ್ ಗೆರೆ ದಾಟಿದಾಗ ಎದುರಿಗೆ ಎಷ್ಟು ಮಂದಿ ಇದ್ದರು? ಆರು ಅಥವಾ ಏಳು ಮಂದಿ ಇದ್ದರೆ ಮಾತ್ರ ಬೋನಸ್. ಗದ್ದಲದಲ್ಲಿ ಅಷ್ಟು ಎಣಿಸುವುದೇ ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ. ಸ್ಕೋರರ್ ತಡವರಿಸಿದ್ದು, ಪಕ್ಕದವರನ್ನು ಕೇಳಿದ್ದು, ತಿದ್ದಿದ್ದು, ಇವನ್ನೂ ಸಮಯ ಹಾಕಿ ಬರೆದುಕೊಳ್ಳಿ. ಕೆಲಸದ ಮಧ್ಯೆ ಅವರನ್ನು ಮಾತಾಡಿಸಬೇಡಿ. ಅನುಮತಿ ಮೊದಲು, ಪ್ರಶ್ನೆ ವಿರಾಮದಲ್ಲಿ.

ಆಮೇಲೆ ಗೆಳೆಯನೊಬ್ಬನನ್ನು ಬೇರೆ ಕಡೆ ಕೂರಿಸಿ, ಅದೇ ಪಂದ್ಯ ಬರೆಸಿ, ಎರಡೂ ಹಾಳೆ ಹೋಲಿಸಿ. ಆಕಸ್ಮಿಕವಾಗಿ ತಾಳೆಯಾದದ್ದನ್ನು ಕಳೆದು ನಿಜವಾದ ಹೊಂದಾಣಿಕೆ ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಸೂತ್ರವಿದೆ. ಅದನ್ನು ನಿಧಾನವಾಗಿ ಕಲಿಯಬಹುದು. ಮುಂದಿನ ಪಂದ್ಯಕ್ಕೆ ಹೋಗುವಾಗ ನೋಟ್‌ಬುಕ್, ಗಡಿಯಾರ, ಜತೆಗೊಬ್ಬ ಗೆಳೆಯ ಇದ್ದರೆ ಸಾಕು, ಕೆಲಸ ಶುರುಮಾಡಿ.