ಕಳ್ಳಿಯ ಕುಲನಿರ್ಣಯ

ಕಾಟನ್‌ಪೇಟೆಯ ಮಾಳಿಗೆಮನೆಗಳ ಕುಂಡದಲ್ಲಿ ಬೆಳೆಯುವ ಮುಳ್ಳುಗಿಡವನ್ನೂ, ಒಣಕಾಡಿನ ಬಂಡೆಗಳ ನಡುವೆ ತಾನಾಗಿ ಹುಟ್ಟಿದ ಮುಳ್ಳುಗಿಡವನ್ನೂ ಕನ್ನಡಿಗರು ‘ಕಳ್ಳಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಲೋಕವ್ಯವಹಾರಕ್ಕೆ ಇಷ್ಟು ಸಾಕು. ಆದರೆ 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ದರೋಜಿಯಂತಹ ರಕ್ಷಿತಾರಣ್ಯದಲ್ಲಿ ದೇಶೀಯ ಕಳ್ಳಿಗಳನ್ನು ಎಣಿಸಹೊರಟವರಿಗೆ ಈ ಹೆಸರೇ ಮೊದಲ ತೊಡಕು.

ಸಸ್ಯಶಾಸ್ತ್ರವು ಕ್ಯಾಕ್ಟಸ್ ಎಂದು ಕರೆಯುವ ಕುಟುಂಬದ ತವರು ಅಮೆರಿಕ. ಮರಗಳ ಮೇಲೆ ಜೋತು ಬೆಳೆಯುವ ರಿಪ್ಸಾಲಿಸ್ ಎಂಬ ಒಂದು ಜಾತಿ ಮಾತ್ರ ಆಫ್ರಿಕ, ಶ್ರೀಲಂಕೆಗಳಲ್ಲಿಯೂ ಸಹಜವಾಗಿ ಉಂಟು. ಕರ್ನಾಟಕದ ಕಾಡಿಗೆ ಸಹಜವಾದ ಕ್ಯಾಕ್ಟಸ್ ಒಂದೂ ಇಲ್ಲ. ಇಲ್ಲಿಯ ಪ್ರಾಚೀನ ಕಳ್ಳಿಗಳು ಯೂಫೋರ್ಬಿಯ ಕುಲದವು. ಅಮರಕೋಶದಲ್ಲಿ ಸ್ನುಹಿಗೆ ‘ಸಮಂತದುಗ್ಧಾ’ ಎಂಬ ಪರ್ಯಾಯನಾಮವಿದೆ. ಎಲ್ಲೆಡೆಯೂ ಹಾಲುಳ್ಳದ್ದು ಎಂದು ಅದರ ಅರ್ಥ. ಹೆಸರೇ ಇಲ್ಲಿ ಲಕ್ಷಣವಾಗಿದೆ. ಪಾಪಾಸುಕಳ್ಳಿಯಾದರೋ ನಿಜವಾದ ಕ್ಯಾಕ್ಟಸ್. ಅದರಲ್ಲಿರುವುದು ಹಾಲಲ್ಲ, ಲೋಳೆ. ಪಾಪಾಸು ಎಂದರೆ ಪಾದರಕ್ಷೆ. ಚಪ್ಪಟೆಯಾದ ಕಾಂಡದ ಆಕಾರವನ್ನು ಕಂಡು, ಪಾರಸಿಯಿಂದ ಬಂದ ಪದವನ್ನು ಜನರು ಹೊಸ ಗಿಡಕ್ಕೆ ಜೋಡಿಸಿದರು.

ಕಳ್ಳಿಯ ಹಾಲು ಕಣ್ಣಿಗೆ ಅಪಾಯಕರ. ಆದುದರಿಂದ ಗಿಡವನ್ನು ಮುರಿಯದೆ ಮುಳ್ಳನ್ನು ನೋಡುವುದು ಲೇಸು. ಕಾಂಡದ ಏಣುಗಳ ಮೇಲೆ ಮುಳ್ಳು ಜೋಡಿಜೋಡಿಯಾಗಿದ್ದರೆ ಅದು ಸಾಮಾನ್ಯವಾಗಿ ಯೂಫೋರ್ಬಿಯ. ತುಪ್ಪುಳಿನ ಸಣ್ಣ ಮೆತ್ತೆಯಿಂದ ಮುಳ್ಳುಗಳು ಗೊಂಚಲಾಗಿ ಹೊರಟಿದ್ದರೆ ಅದು ಕ್ಯಾಕ್ಟಸ್. ಮುಳ್ಳೂ ಹಾಲೂ ಇಲ್ಲದೆ ನಾಲ್ಕು ಮೂಲೆಯ ರಸಭರಿತ ಕಾಂಡವಿದ್ದರೆ, ಅದು ಎಕ್ಕದ ಬಳಗದ ಕರಲ್ಲುಮ ಆಗಿರಬಹುದು.

ಈ ವಿವೇಚನೆ ತಪ್ಪಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಕೆಂಪು ಬಣ್ಣದ ವ್ಯಾಪಾರಕ್ಕೆಂದು 1795ರಲ್ಲಿ ಬ್ರೆಜಿಲಿನಿಂದ ಭಾರತಕ್ಕೆ ಕೀಟವೊಂದನ್ನು ತಂದರು. ಅದು ಉತ್ತಮ ಬಣ್ಣ ಕೊಡುವ ಜಾತಿಯಾಗಿರಲಿಲ್ಲ. ಬಣ್ಣದ ಬದಲು, ಅದು ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ತೀರಿಸಿತು. ಇನ್ನೊಂದು ಜಾತಿಯ ಕಳ್ಳಿ ಅದಕ್ಕೆ ಬಗ್ಗಲಿಲ್ಲ. ಅದನ್ನು ದಕ್ಷಿಣದಲ್ಲಿ ಅಡಗಿಸಲು 1926ರಲ್ಲಿ ಶ್ರೀಲಂಕೆಯಿಂದ ಬೇರೊಂದು ಕೀಟವನ್ನೇ ತರಬೇಕಾಯಿತು. ಮನುಷ್ಯನು ಒಂದೆಂದು ಬಗೆದುದನ್ನು ಕೀಟವು ಎರಡೆಂದು ಅರಿತಿತ್ತು.

ಗಣತಿಯ ಪಟ್ಟಿಯಲ್ಲಿ ಪಾಪಾಸುಕಳ್ಳಿ ದೇಶೀಯವೆಂದು ಸೇರಿದರೆ ಹೊರಗಿನ ಕಳೆಗೆ ರಕ್ಷಣೆ ದೊರೆಯುತ್ತದೆ. ಯೂಫೋರ್ಬಿಯ ಕಳೆಯೆಂದು ಸೇರಿದರೆ ನಾಡಿನ ಹಳೆಯ ಗಿಡಕ್ಕೆ ಕೊಡಲಿ ಬೀಳುತ್ತದೆ. ಬಾಯಲ್ಲಿರುವ ಹೆಸರನ್ನು ಕಣ್ಣಿನಿಂದ ಪರೀಕ್ಷಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಭಾಷೆಯ ಪಾಠವೂ ಹೌದು, ವಿಜ್ಞಾನದ ಪಾಠವೂ ಹೌದು.